ಚಿಕ್ಕವ್ವನ ಪಾಲು

ಅವ್ವನ ಕರುಳಿನ ಗಡ್ಡೆಯಿಂದ ಚಿಟಿಕೆಯಷ್ಟು ತೆಗೆದುಕೊಂಡು ಕೊಯಮತ್ತೂರಿನ ಆಸ್ಪತ್ರೆಯವರು ಲ್ಯಾಬಿನಲ್ಲಿ ಬೆಳೆಸಿದರು. ಬಟ್ಟಲಿನಲ್ಲಿ ಸಾಸಿವೆಗಿಂತ ಸಣ್ಣ ಸಣ್ಣ ಗಡ್ಡೆಗಳು. ಒಂದೊಂದಕ್ಕೆ ಒಂದೊಂದು ಔಷಧಿ ಹಾಕಿ, ಯಾವುದಕ್ಕೆ ಸಾಯುತ್ತದೋ ಅದನ್ನೇ ಅವ್ವನಿಗೆ ಕೊಡುವುದು. ಕ್ಯಾನ್ಸರಿಗೂ ಹೀಗೊಂದು ದಾರಿ ಇದೆಯೆಂದು ಕೇಳಿ ನನಗೆ ಹೋದ ಜೀವ ಬಂದಂತಾಗಿತ್ತು.

ಕಾಡೊಳಗಿನ ನಮ್ಮೂರು ತಾಳಮಲೆಯಿಂದ ಇಬ್ಬರು ಹೋಗಿದ್ದರು. ಅವ್ವ ಕೇತಮ್ಮ, ಅವಳ ಓರಗಿತ್ತಿ ಚಿನ್ನಮ್ಮ, ಅಂದರೆ ನನ್ನ ಚಿಕ್ಕವ್ವ. ಇಬ್ಬರಿಗೂ ಅದೇ ಕಾಯಿಲೆ. ದೇವರಿಗೆ ಬೇರೆ ಮನೆಯೇ ಕಾಣಲಿಲ್ಲವೇ ಎಂದು ನಾನು ಬೈದದ್ದುಂಟು. ಚಿಕ್ಕವ್ವನ ಗಡ್ಡೆಯ ತುಂಡು ಲ್ಯಾಬಿನಲ್ಲಿ ಬೆಳೆಯಲೇ ಇಲ್ಲ. ಎಲ್ಲರಿಗೂ ಕೊಡುವ ಔಷಧಿಯನ್ನೇ ಅವಳಿಗೂ ಕೊಟ್ಟರು, ಹಿಡಿಯಲಿಲ್ಲ. ಅವ್ವನದು ಬೆಳೆಯಿತು, ಒಂದು ಮಾತ್ರೆಗೆ ಸತ್ತಿತು. ಈ ಮಾತ್ರೆ ಈ ಗಡ್ಡೆಗೆ ಮಾತ್ರ, ಇನ್ನೊಬ್ಬರಿಗೆ ನಾಟುತ್ತದೆಂದು ಹೇಳಲಾಗದು ಎಂದು ಡಾಕ್ಟರು ತಮಿಳಿನಲ್ಲಿ ಬಿಡಿಸಿ ಹೇಳಿದರು. ಬೆಳಿಗ್ಗೆ ಒಂದು, ಸಂಜೆ ಒಂದು. ತಪ್ಪಿಸಲೇಬಾರದು, ತಪ್ಪಿಸಿದರೆ ಗಡ್ಡೆ ಔಷಧಿಗೆ ಒಗ್ಗಿಕೊಂಡುಬಿಡುತ್ತದೆ.

ಮೊದಮೊದಲು ಅವ್ವ ಎದ್ದು ಓಡಾಡಿದಳು, ಮುದ್ದೆ ಕೇಳಿ ಉಂಡಳು. ಆಮೇಲೆ ಗಡ್ಡೆ ಮತ್ತೆ ಬೆಳೆಯಿತು. ಇನ್ನೊಂದು ತುಂಡು ತೆಗೆದು ಮತ್ತೆ ಪರೀಕ್ಷೆ ಮಾಡಿದರು. ಈ ಸಲ ಅದು ಯಾವ ಔಷಧಿಗೂ ಸಾಯಲಿಲ್ಲ, ಹಳೆಯ ಮಾತ್ರೆಗೂ ಜಗ್ಗಲಿಲ್ಲ.

"ಮಾತ್ರೆ ಸರಿಯಾಗಿ ತಗೊಳ್ಳಲಿಲ್ಲವಾ? ಇನ್ನು ನಮ್ಮ ಕೈಲಿ ಏನೂ ಇಲ್ಲಮ್ಮ" ಎಂದರು ಡಾಕ್ಟರು. ನಾನು ಅವರ ಮೇಲೆಯೇ ಹರಿಹಾಯ್ದು, ಮಾತ್ರೆಯ ಖಾಲಿ ಪಟ್ಟಿಗಳನ್ನೆಲ್ಲ ಮೇಜಿನ ಮೇಲೆ ಸುರಿದು ತೋರಿಸಿದೆ. ಅವ್ವ ತಲೆ ಎತ್ತಲಿಲ್ಲ.

ಬಸ್ಸಿನಲ್ಲಿ ಬಾಯಿ ಬಿಟ್ಟಳು. ಸಂಜೆಯ ಮಾತ್ರೆ ಚಿಕ್ಕವ್ವನ ಬಾಯಿಗೆ ಹೋಗುತ್ತಿತ್ತು.

ನಮ್ಮಲ್ಲಿ ಕಾಡಿನಿಂದ ಜೇನು ತಂದರೂ ಗೆಣಸು ತಂದರೂ ಮನೆಗೊಂದು ಪಾಲು ಹಾಕುತ್ತಾರೆ. ಕಾಡಿಗೆ ಬರಲಾಗದೆ ಮಲಗಿದವರ ಪಾಲನ್ನು ಮೊದಲು ಎತ್ತಿಡುತ್ತಾರೆ. ನನಗೆ ಅದನ್ನು ಕಲಿಸಿದವಳು ಅವ್ವನೇ. ಆದರೂ ಈ ಪಾಲನ್ನು ಒಪ್ಪಲಾಗಲಿಲ್ಲ.

"ಅದು ಜೇನಲ್ಲ ಕಣವ್ವಾ! ನಿನ್ ಗಡ್ಡೆಗೇ ಅಂತ ನೋಡಿ ಕೊಟ್ಟಿದ್ದು. ಅವಳು ತಿಂದ್ರ ಮಣ್ಣು ತಿಂದಂಗೆ!" ಬಸ್ಸೆಲ್ಲ ಕೇಳುವಂತೆ ಕಿರುಚಿದೆ.

"ಡಾಕ್ಟ್ರು ಏಳದ್ದ ನಾನೂ ಕೇಳಿಸ್ಕಂಡಿ ಕಣ್ ಮಗ" ಎಂದಳು ಅವ್ವ. "ದಿನಾ ಸಂಜೆ ಬಂದು ಬಾಗ್ಲಲ್ಲಿ ಕುಂತ್ಕತ್ತಿದ್ಲು. ಬಾಯ್ಬುಟ್ಟು ಕೇಳ್ನಿಲ್ಲ. ಅವಳ ಎದುರ್ಗ ನಾನೊಬ್ಳೇ ಎಂಗ್ ನುಂಗ್ಲಿ?"

ನಾನು ಕಿಟಕಿಯ ಕಡೆ ತಿರುಗಿ ಅತ್ತೆ.

ಬಸ್ಸಿಳಿದವಳೇ ಚಿಕ್ಕವ್ವನ ಮನೆಗೆ ನುಗ್ಗಿದೆ. ಇವತ್ತು ಇವಳ ಗ್ರಹಚಾರ ಬಿಡಿಸುತ್ತೇನೆ ಎಂದುಕೊಂಡೇ ಹೋಗಿದ್ದೆ. ಮೂಳೆ ಚಕ್ಕಳವಾಗಿ ಚಾಪೆಯ ಮೇಲೆ ಮಲಗಿದ್ದವಳು ನನ್ನ ಸದ್ದಿಗೆ ಗೋಡೆ ಹಿಡಿದು ಎದ್ದು ಕೂತಳು.

"ಬಂದ್ಯಾ ಸೆಲ್ವಿ? ನಿಮ್ಮವ್ವಂಗ ವಾಸಿ ಅಂದ್ರಾ? ನಂಗೂ ಆ ಮಾತ್ರೆ ತಗಂಡಾಗಿಂದ ವಸಿ ಪರ್ವಾಗಿಲ್ಲ ಕಣ್ ಮಗ. ನೆನ್ನೆ ಎಲ್ಡು ತುತ್ತು ಉಂಡಿ" ಎನ್ನುತ್ತ ಅಂಗೈ ಚಾಚಿದಳು.

ಚೀಲದಲ್ಲಿ ಉಳಿದಿದ್ದ ಮಾತ್ರೆಗಳು ಈಗ ಅವ್ವನಿಗೂ ಬೇಡದವು. ಒಂದನ್ನು ಬಿಡಿಸಿ ಅವಳ ಕೈಗಿಟ್ಟು, ನೀರು ತರಲು ಒಳಗೆ ಹೋದೆ.