ಸ್ಟೆಪ್ನಿಯ ಸೀಟು

ಸ್ಟೆಪ್ನಿಗೆ ಸೈಕಲ್ ತಂಡದಲ್ಲಿ ಕೆಲಸ ಸಿಕ್ಕಿದ್ದು ಕಾಲಿನ ಬಲದಿಂದಲ್ಲ, ಕಾಲಿನ ಉದ್ದದಿಂದ. ತಂಡದ ಮುಖ್ಯ ಸವಾರನನ್ನು ಎಲ್ಲರೂ ದೊರೆ ಎನ್ನುತ್ತಿದ್ದರು. ಆ ದೊರೆಯ ಕಾಲು ಎಷ್ಟು ಉದ್ದವೋ ಇವನದೂ ಅಷ್ಟೇ. ಕೈಯೂ ಅಷ್ಟೇ, ಬೆನ್ನೂ ಅಷ್ಟೇ. ರೇಸಿನಲ್ಲಿ ದೊರೆಯ ಚಕ್ರ ಪಂಚರ್ ಆದರೆ, ಬದಲಿ ಸೈಕಲ್ ಹೊತ್ತ ಕಾರು ಸಣ್ಣ ರಸ್ತೆಯಲ್ಲಿ ಅಷ್ಟು ಜನರನ್ನು ದಾಟಿ ಬರುವಷ್ಟರಲ್ಲಿ ಮುಂದಿನವರು ಗೆದ್ದು ಸ್ನಾನ ಮುಗಿಸಿರುತ್ತಾರೆ. ಅದಕ್ಕೇ ಸ್ಟೆಪ್ನಿ ಸದಾ ಪಕ್ಕದಲ್ಲಿರಬೇಕು. ಪಂಚರಾದ ಕೂಡಲೇ ಇಳಿದು ತನ್ನ ಸೈಕಲ್ ಕೊಟ್ಟು, ದೊರೆಯದನ್ನು ಹಿಡಿದುಕೊಂಡು ರಸ್ತೆ ಬದಿಯಲ್ಲಿ ನಿಲ್ಲಬೇಕು. ಕಾರಿನ ಹೆಚ್ಚುವರಿ ಚಕ್ರಕ್ಕೂ ಅವನಿಗೂ ಒಂದೇ ಹೆಸರು ಬಂದದ್ದು ಹೀಗೆ.

ಚಳಿಗಾಲದ ರಜೆಯಲ್ಲಿ ಎಡವಟ್ಟಾಯಿತು. ದೊರೆಯ ಬಾಮೈದ ಎಲ್ಲೋ ಒಂದು ಕೋರ್ಸು ಮಾಡಿ ಬಂದು, ಸವಾರರ ಮೈ ಅಳೆದು ಸೈಕಲ್ ಹೊಂದಿಸಿಕೊಡುವ ಅಂಗಡಿ ತೆರೆದ. ಮೊದಲ ಗಿರಾಕಿ ಭಾವನೇ. ಮೊಣಕಾಲಿಗೆ ಚುಕ್ಕಿ ಅಂಟಿಸಿ, ಕಂಪ್ಯೂಟರಿನಲ್ಲಿ ಗೆರೆ ಎಳೆದು, "ಭಾವ, ಇಷ್ಟು ವರ್ಷ ನೀವು ಕುಕ್ಕರಗಾಲಲ್ಲಿ ಗೆದ್ದಿದ್ದೀರಿ" ಎಂದು ಸೀಟನ್ನು ಒಂದು ಬೆರಳಗಲ ಏರಿಸಿದ. ದೊರೆಯ ಸೀಟು ಏರಿದರೆ ಸ್ಟೆಪ್ನಿಯದೂ ಏರಬೇಕು. ಏರಿತು.

ಹೊಸ ವರ್ಷದ ಮೊದಲ ರೇಸು ನಾಲ್ಕು ದಿನದ್ದು. ಮೊದಲ ದಿನವೇ ಸ್ಟೆಪ್ನಿಯ ಸೊಂಟ ಪೆಡಲನ್ನು ಹುಡುಕಿಕೊಂಡು ಅತ್ತ ಒಮ್ಮೆ, ಇತ್ತ ಒಮ್ಮೆ ಓಲಾಡಿತು. ಸಂಜೆ ಹೋಟೆಲಿನಲ್ಲಿ ಕೂರಲಾಗದೆ ಕಿಟಕಿಗೆ ಒರಗಿ ನಿಂತೇ ಊಟ ಮಾಡುತ್ತಿದ್ದಾಗ ಅವನಮ್ಮನ ಫೋನ್ ಬಂತು.

"ಟೀವೀಲಿ ನೋಡ್ದೆ ಕಣೋ. ಬಾತುಕೋಳಿ ಕೆರೆಗೆ ಹೊರಟ ಹಾಗಿತ್ತು. ಪಕ್ಕದ್ಮನೆಯವರನ್ನ ಬೇರೆ ಕರೆದು ಕೂರಿಸಿದ್ದೆ, ಮಾನ ಹೋಯ್ತು."

"ಸೀಟು ಎತ್ತರ ಆಗಿದೆ ಅಮ್ಮ."

"ಇಳಿಸ್ಕೊ ಮತ್ತೆ! ಅದಕ್ಕೂ ನಾನೇ ಬರ್ಬೇಕಾ?"

ಇಳಿಸಿಕೊಂಡರೆ ಕೆಲಸ ಹೋಗುತ್ತದೆ ಎಂದು ಅವನು ಅಮ್ಮನಿಗೆ ಹೇಳಲಿಲ್ಲ. ಮ್ಯಾನೇಜರ್ ಮೊದಲೇ ಕಿವಿ ಹಿಂಡಿದ್ದ: "ದೊರೆ ಅಳತೆಯವನು ಇನ್ನೊಬ್ಬ ಸಿಕ್ಕಿದ್ದಾನೆ. ನಿನ್ನಷ್ಟು ಉಣ್ಣೋದೂ ಇಲ್ಲ. ನಿನ್ನ ಸೈಕಲ್ ದೊರೆ ಸೈಕಲ್ಲಿಗಿಂತ ಒಂದು ಕೂದಲು ಆಚೀಚೆ ಆದ್ರೂ ಗಂಟುಮೂಟೆ ಕಟ್ಟು."

ಮರುದಿನ ಬೆಳಿಗ್ಗೆ ತಿಂಡಿಯ ಮೇಜಿನ ಮೇಲೆ ಮ್ಯಾನೇಜರ್ ಆ ದಿನದ ತಂತ್ರ ವಿವರಿಸಿದ. ಉಪ್ಪಿನ ಡಬ್ಬಿ ದೊರೆ. ಸಕ್ಕರೆ ಪೊಟ್ಟಣಗಳು ಉಳಿದವರು.

"ಸೇತುವೆ ದಾಟಿದ್ರೆ ಬಯಲು. ಎಡಗಡೆಯಿಂದ ಗಾಳಿ ಬಾರಿಸುತ್ತೆ. ಆಗ ನೀವೆಲ್ಲ ಮುಂದೆ ಹೋಗಿ, ರಸ್ತೆಗೆ ಓರೆಯಾಗಿ, ಒಬ್ಬರ ಮರೇಲಿ ಒಬ್ಬರು ಸೇರ್ಕೊಂಡು ಪ್ರಾಣ ಬಿಟ್ಟು ತುಳೀಬೇಕು. ನಮ್ಮ ಸಾಲಲ್ಲಿ ಜಾಗ ಸಿಗದವರು ಗಾಳಿಗೆ ಸಿಕ್ಕಿ ತರಗೆಲೆ ಥರ ಉದುರ್ತಾರೆ. ದೊರೆಗೆ ಮಾತ್ರ ಗಾಳಿ ಸೋಕಬಾರದು."

"ನಾನೆಲ್ಲಿ ಸಾರ್?" ಎಂದ ಸ್ಟೆಪ್ನಿ.

"ನೀನಾ? ಇಲ್ಲಿ, ಉಪ್ಪಿನ ಪಕ್ಕ." ತೋರಿಸುತ್ತಲೇ ಮ್ಯಾನೇಜರ್ ಆ ಪೊಟ್ಟಣವನ್ನು ಹರಿದು ಕಾಫಿಗೆ ಸುರಿದುಕೊಂಡು ಕಲಕಿದ.

ಸ್ಟೆಪ್ನಿ ಆ ಕಾಫಿಯನ್ನೇ ನೋಡುತ್ತಾ ಕೂತ. ಕೂತ ಅಂದರೆ ಅರ್ಧ ಕೂತ. ಉಳಿದರ್ಧ ನೋಯುತ್ತಿತ್ತು. ಆದದ್ದಾಗಲಿ ಎಂದು ಆಗಲೇ ನಿರ್ಧರಿಸಿದ.

ಸೀಟಿನ ಕಂಬಕ್ಕೆ ಮೆಕ್ಯಾನಿಕ್ ಹಳದಿ ಟೇಪು ಸುತ್ತಿದ್ದ. ಟೇಪಿನ ಅಂಚು ಫ್ರೇಮಿನ ಬಾಯಿಗೆ ತಾಗಿದ್ದರೆ ಎತ್ತರ ಸರಿ ಎಂದು ಲೆಕ್ಕ. ಅವನು ನೋಡಿ ತಲೆಯಾಡಿಸಿ ಹೋದ ಮೇಲೆ ಸ್ಟೆಪ್ನಿ ಬಸ್ಸಿನ ಹಿಂದೆ ಹೋಗಿ ಬೋಲ್ಟ್ ಸಡಿಲಿಸಿದ. ಟೇಪನ್ನು ಕಿತ್ತು, ಸೀಟನ್ನು ಒಂದು ಬೆರಳಗಲ ಇಳಿಸಿ ಬಿಗಿ ಮಾಡಿದ. ಟೇಪನ್ನು ಕಂಬದ ಮೇಲೆ ಅಷ್ಟೇ ಮೇಲಕ್ಕೆ ಅಂಟಿಸಿದ. ಹತ್ತಿ ಕೂತಾಗ ತವರಿಗೆ ಬಂದಂತಾಯಿತು.

ರೇಸು ಶುರುವಾಗಿ ಮೊದಲ ತಿರುವು ದಾಟುವವರೆಗೆ ಆ ಸುಖ ಇತ್ತು. ಆಮೇಲೆ ಎದೆಯಲ್ಲಿ ಅವಲಕ್ಕಿ ಕುಟ್ಟತೊಡಗಿತು. ದೊರೆಗೆ ಪಂಚರ್ ಆದರೆ? ಹತ್ತಿ ಕೂತ ಕ್ಷಣವೇ ಅವನ ತೊಡೆಗೆ ಗೊತ್ತಾಗುತ್ತದೆ. ಅಂದರೆ ದೊರೆಗೆ ಇವತ್ತು ಪಂಚರ್ ಆಗಲೇಬಾರದು.

ಸ್ಟೆಪ್ನಿ ಮೈಯೆಲ್ಲ ಕಣ್ಣಾದ.

"ಎಡಕ್ಕೆ ಗುಂಡಿ ದೊರೆ! ಬಲಕ್ಕೆ ಗಾಜು! ಕಲ್ಲು, ಕಲ್ಲು! ಮುಂದೆ ಎಲೆ!"

"ಎಲೆ ಚುಚ್ಚಲ್ಲ ಕಣೋ."

"ಎಲೆ ಕೆಳಗೆ ಏನಿದೆಯೋ ಯಾರಿಗೆ ಗೊತ್ತು ದೊರೆ?"

ಕಾರಿನ ಟೀವಿಯಲ್ಲಿ ನೋಡುತ್ತಿದ್ದ ಮ್ಯಾನೇಜರ್ ಎಲ್ಲರ ಕಿವಿಯ ರೇಡಿಯೋದಲ್ಲಿ, "ನೋಡ್ರೋ, ನಿಷ್ಠೆ ಅಂದ್ರೆ ಇದು! ಹೆತ್ತ ತಾಯಿನೂ ಹೀಗೆ ಕಾಯಲ್ಲ" ಎಂದು ಹೊಗಳಿದ. ಸ್ಟೆಪ್ನಿ ಬೆವರಿದ.

ಸೇತುವೆ ಇನ್ನೂ ದೂರವಿತ್ತು, ಗುಂಪು ಆರಾಮಾಗಿ ಹೋಗುತ್ತಿತ್ತು. ದೊರೆ ಒಂದಿಷ್ಟು ಹಿಂದೆ ಸರಿದು ಸ್ಟೆಪ್ನಿಯ ಸೊಂಟವನ್ನು ನೋಡಿದ. ಮತ್ತೆ ನೋಡಿದ. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಸ್ಟೆಪ್ನಿ ಹೆಗಲು ಮುಟ್ಟಿಕೊಂಡ. "ಏನಿಲ್ಲ ದೊರೆ, ಎಲ್ಲಾ ಸರಿಯಾಗೇ ಇದೆ."

"ನಾನೇನು ಕೇಳಿದ್ನಾ?" ಎಂದ ದೊರೆ, ಕೈ ಎತ್ತಿ ರೇಡಿಯೋದಲ್ಲಿ ಕೂಗಿದ: "ಪಂಚರ್!"

ಇಬ್ಬರೂ ರಸ್ತೆ ಬದಿಗೆ ನಿಂತರು. ಸ್ಟೆಪ್ನಿ ಬಗ್ಗಿ ದೊರೆಯ ಹಿಂದಿನ ಟಯರ್ ಒತ್ತಿದ. ಕಲ್ಲಿನಂತಿತ್ತು. ಮುಂದಿನದೂ ಹಾಗೇ ಇತ್ತು.

"ಗಾಳಿ ಇದೆಯಲ್ಲ ದೊರೆ!"

"ಸುಮ್ನಿರು." ದೊರೆ ತನ್ನ ಮೈಕನ್ನು ಕೈಯಲ್ಲಿ ಮುಚ್ಚಿದ. "ಸೀಟು ಇಳಿಸಿದ್ದೀಯ ತಾನೇ?"

"ತಪ್ಪಾಯ್ತು ದೊರೆ. ಕೂರೋಕಾಗ್ತಿರಲಿಲ್ಲ."

"ನನಗೆ ಮಾತ್ರ ಕೂರೋಕಾಗುತ್ತಾ? ನಿನ್ನೆಯಿಂದ ಮಗ್ಗುಲಾಗಿ ಮಲಗ್ತಿದ್ದೀನಿ. ಕೊಡು ಇಲ್ಲಿ."

"ನೀವೇ ಇಳಿಸ್ಕೋಬಹುದಿತ್ತಲ್ಲ?"

"ನಿನಗೆ ಮದುವೆ ಆಗಿಲ್ಲ, ಅದಕ್ಕೇ ಹೀಗೆ ಕೇಳ್ತೀಯ. ಬಾಮೈದ ದಿನಾ ಬೆಳಿಗ್ಗೆ ಬಂದು ನನ್ನ ಸೀಟಿಗೆ ಅಳತೆ ಟೇಪು ಹಿಡಿದು ಫೋಟೋ ತೆಗೆದು ಅವನ ಅಕ್ಕನಿಗೆ ಕಳಿಸ್ತಾನೆ. ಸೀಟು ಇಳಿಸಿದ್ರೆ ಮನೇಲಿ ನನ್ನನ್ನೇ ಇಳಿಸ್ತಾರೆ."

ದೊರೆ ಸ್ಟೆಪ್ನಿಯ ಸೈಕಲ್ ಹತ್ತಿದ. "ಅಬ್ಬಾ!" ಎಂದು ಕಣ್ಣು ಮುಚ್ಚಿದ. ತೆರೆಯುವಷ್ಟರಲ್ಲಿ ತಿರುವು ದಾಟಿದ್ದ.

ಕಾರು ಬಂದು ಪಂಚರ್ ಹುಡುಕುವ ಮೊದಲೇ ಸ್ಟೆಪ್ನಿ ದೊರೆಯ ಎತ್ತರದ ಸೀಟು ಹತ್ತಿ ಓಲಾಡುತ್ತಾ ಹಿಂಬಾಲಿಸಿದ. ಸೇತುವೆ ದಾಟಿದಾಗ ಗಾಳಿ ಬಾರಿಸಿತು, ತಂಡ ಓರೆ ಸಾಲು ಕಟ್ಟಿ ಓಟ ಕಿತ್ತಿತು. ತನ್ನದೇ ತಂಡದ ತಂತ್ರಕ್ಕೆ ಸಿಕ್ಕಿ ಉದುರಿದವರಲ್ಲಿ ಸ್ಟೆಪ್ನಿಯೇ ಮೊದಲಿಗ.

ದೊರೆ ಗೆದ್ದ. ಸ್ಟೆಪ್ನಿ ಕೊನೆಯವನಾಗಿ ಬರುವಷ್ಟರಲ್ಲಿ ಬಾಮೈದ ಟೀವಿಯವರಿಗೆ ತನ್ನ ಅಂಗಡಿಯ ವಿಳಾಸ ಹೇಳುತ್ತಿದ್ದ. ಬಸ್ಸಿನ ಹತ್ತಿರ ಮೆಕ್ಯಾನಿಕ್ ಗೆದ್ದ ಸೈಕಲ್ಲಿಗೆ ಅಳತೆ ಪಟ್ಟಿ ಹಿಡಿದು ಹುಬ್ಬು ಗಂಟಿಕ್ಕಿದ. "ಮ್ಯಾನೇಜರ್ ಸಾರ್, ಇದು ಯಾಕೋ..."

"ಮುಟ್ಬೇಡ ಅದನ್ನ!" ದೊರೆ ಗುಡುಗಿದ. "ಗೆದ್ದ ಸೈಕಲ್ಲಿಗೆ ಯಾರಾದ್ರೂ ಸ್ಪ್ಯಾನರ್ ಹಾಕ್ತಾರಾ? ಅಪಶಕುನ! ನಾಳೆಯೂ ಅದು ಹಾಗೇ ಇರಬೇಕು, ಅದರ ಮೇಲೆ ಈ ಸ್ಟೆಪ್ನಿಯೇ ಇರಬೇಕು. ಇನ್ನೊಬ್ಬ ಗಿನ್ನೊಬ್ಬನ್ನ ಕರ್ಕೊಂಡು ಬಂದ್ರೆ ನಾನು ಬರಲ್ಲ."

ಮ್ಯಾನೇಜರ್ ಸ್ಟೆಪ್ನಿಯ ಬೆನ್ನು ತಟ್ಟಿ, ಸಾಯುವವರೆಗೂ ನೀನೇ ಎಂದ. ದೊರೆ ಮಾತ್ರ ಕಿವಿಯ ಬಳಿ ಬಾಗಿ, "ನಾಳೆ ಪೆಟ್ರೋಲ್ ಬಂಕ್ ಹತ್ರ ಪಂಚರ್ ಆಗುತ್ತೆ. ನೆನಪಿಟ್ಕೊ" ಎಂದ.

ಸಂಜೆ ಕಿಟಕಿಗೆ ಒರಗಿ ಊಟ ಮಾಡುವಾಗ ಅಮ್ಮ ಫೋನ್ ಮಾಡಿದಳು.

"ಆ ಪಂಚರ್ ಆಗೋ ತನಕ ಎಷ್ಟು ಚೆನ್ನಾಗಿದ್ದೆ ಕಣೋ! ಆಮೇಲೆ ಮತ್ತೆ ಅದೇ ಬಾತುಕೋಳಿ. ಏನಾಯ್ತು?"

"ಕೆಲಸ ಕಾಯಂ ಆಯ್ತಮ್ಮ."

"ನಾಳೆ ಪಕ್ಕದ್ಮನೆಯವರನ್ನ ಕರೀಲೋ ಬೇಡ್ವೋ?"

ಸ್ಟೆಪ್ನಿ ತುತ್ತು ನುಂಗಿ ಯೋಚಿಸಿದ. "ಕರಿ. ಪೆಟ್ರೋಲ್ ಬಂಕ್ ಬರೋ ತನಕ ತೋರ್ಸು. ಆಮೇಲೆ ಕರೆಂಟ್ ಹೋಯ್ತು ಅನ್ನು."