ಮೊದಲ ಮೂಲೆಯ ತುಂಡು

ಚೋರನೂರಿನ ನಮ್ಮ ಹೆಂಗಸರಲ್ಲಿ ಒಬ್ಬರಿಗೂ ಪಾಸ್‌ಪೋರ್ಟ್ ಇಲ್ಲ. ಅವರು ಹೊಲಿಯುವ ಕೌದಿಗೆ ಮಾತ್ರ ಬೇಕಂತೆ. ಯುರೋಪಿನವರು ಹೊಸ ಕಾಯಿದೆ ತರುತ್ತಿದ್ದಾರೆ. ಮುಂದೆ ಅಲ್ಲಿ ಮಾರುವ ಬಟ್ಟೆಬರೆಗೆಲ್ಲ ಡಿಜಿಟಲ್ ಪಾಸ್‌ಪೋರ್ಟ್ ಇರಬೇಕು. ಮೂಲೆಯಲ್ಲಿರುವ ಕ್ಯೂಆರ್ ಕೋಡ್‌ಗೆ ಮೊಬೈಲ್ ಹಿಡಿದರೆ ಅರಳೆ ಎಲ್ಲಿಯದು, ಬಣ್ಣ ಯಾವುದು, ಹೊಲಿದವರು ಯಾರು ಎಂಬುದೆಲ್ಲ ಕಾಣಬೇಕು. ಕಾಯಿದೆ ಇನ್ನೂ ಪೂರ್ತಿ ಬಂದಿಲ್ಲ, ಆದರೆ ಕೊಳ್ಳುವವರು ಈಗಲೇ ಕೇಳುತ್ತಾರೆ. ಹೊಸಪೇಟೆಯಲ್ಲಿ ಅಭಯ ಸರ್ ಅವರ ಕೌದಿ ಕಂಪನಿಯಿದೆ. ಅಲ್ಲಿ ಆ ಪಾಸ್‌ಪೋರ್ಟ್ ತುಂಬುವವಳು ನಾನು, ಲಲಿತಾ. ಬಿ.ಕಾಂ. ಓದಿದ್ದಕ್ಕೆ ಸಿಕ್ಕ ಭಾಗ್ಯ ಇದು.

ಚೋರನೂರಿನ ಗುಂಪಿನಲ್ಲಿ ಹತ್ತು ಜನ. ಅವರ ಮುಂದಾಳು ದ್ಯಾಮಕ್ಕ ನನ್ನ ಚಿಗವ್ವ, ಅವ್ವನ ತಂಗಿ. ನನ್ನ ಅವ್ವ ಚೆನ್ನಬಸಮ್ಮ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಆಮೇಲೆ ಉಣ್ಣಿಸಿ, ಬೈದು, ಬಡಿದು, ಓದಿಸಿದವಳು ಇವಳೇ. ಹೋದ ವರ್ಷ ಅಭಯ ಸರ್‌ಗೆ ಯುರೋಪಿನಿಂದ ಇನ್ನೂರು ಕೌದಿಯ ಆರ್ಡರ್ ಬಂತು. ಮೊದಲು ಇಪ್ಪತ್ತು ಕಳಿಸಬೇಕು, ಅವು ಪಾಸಾದರೆ ಉಳಿದವು. ಅಂದರೆ ಹತ್ತು ಜನಕ್ಕೂ ವರ್ಷವಿಡೀ ನೆರಳಲ್ಲಿ ಕೂತು ಮಾಡುವ ಕೆಲಸ. ಇಲ್ಲವಾದರೆ ಮತ್ತೆ ಕಂಡವರ ಹೊಲದಲ್ಲಿ ಬಗ್ಗಿ ಮೆಣಸಿನಕಾಯಿ ಬಿಡಿಸಬೇಕು. ಚಿಗವ್ವನ ಮೊಣಕಾಲು ಇನ್ನು ಅದಕ್ಕೆ ಬರುವಂತಿರಲಿಲ್ಲ.

ಕೌದಿಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಒಂದು ಪದ್ಧತಿಯಿದೆ. ಮೊದಲ ಮೂಲೆಗೆ ಮನೆಯಲ್ಲಿ ತೀರಿಕೊಂಡ ಹಿರಿಯಳೊಬ್ಬಳ ಸೀರೆಯ ತುಂಡು ಇಟ್ಟು, ಅವಳ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿ, ಆಮೇಲೆ ಸೂಜಿ ಚುಚ್ಚಬೇಕು. ಹೊದ್ದವರನ್ನು ಅವಳು ಕಾಯುತ್ತಾಳೆ ಎಂದು ನಂಬಿಕೆ. ಬದುಕಿರುವವರ ಹೆಸರನ್ನು ಅಲ್ಲಿ ಅಪ್ಪಿತಪ್ಪಿಯೂ ಹೇಳಬಾರದು. ಆರೇಳು ವರ್ಷದವಳಿದ್ದಾಗ ನಾನು ಆಟಕ್ಕೆ ತುಂಡೊಂದನ್ನು ಮೂಲೆಗಿಟ್ಟು ನನ್ನ ಹೆಸರನ್ನೇ ಹೇಳಿಬಿಟ್ಟಿದ್ದೆ. ಚಿಗವ್ವ ಕೆನ್ನೆಗೆ ಬಾರಿಸಿ, ಮರುಗಳಿಗೆಯೇ ಅಪ್ಪಿಕೊಂಡು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದಳು.

ಪಾಸ್‌ಪೋರ್ಟ್ ತುಂಬುವುದನ್ನು ಕಲಿಸಲು ಹೊಸಪೇಟೆಯ ಹೋಟೆಲೊಂದರಲ್ಲಿ ಎರಡು ದಿನದ ತರಬೇತಿ ಇತ್ತು. ಕಲಿಸಲು ಬಂದಿದ್ದ ಮೇಡಂ ಗೋಡೆಯ ಮೇಲೆ ಚಿತ್ರ ತೋರಿಸುತ್ತ, "ಒಂದು ಎಳೆ ದಾರವನ್ನು ಬರೆಯದೆ ಬಿಟ್ಟರೂ ಅದು ಸುಳ್ಳು ದಾಖಲೆ" ಎಂದರು. ನಾನು ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಕೆಳಗೆ ಗೆರೆ ಎಳೆದೆ. ಅಭಯ ಸರ್ ಪಕ್ಕದಲ್ಲಿ ಕೂತು ತಲೆಯಾಡಿಸುತ್ತಿದ್ದರು.

ಇಪ್ಪತ್ತು ಕೌದಿ ಮುಗಿದಾಗ ಫಾರ್ಮ್ ತುಂಬಲು ಸಂಡೂರಿನ ಮೇಲೆ ಹಾಯ್ದು ಚೋರನೂರಿಗೆ ಹೋದೆ. ಅದಿರು ಲಾರಿಗಳ ಹಿಂದೆ ಬಂದ ಬಸ್ಸಿನಿಂದ ಇಳಿದು ಸೆರಗು ಕೊಡವಿಕೊಂಡೆ. ಬಟ್ಟೆಯನ್ನೆಲ್ಲ ಕಂಪನಿಯೇ ಕೊಟ್ಟಿತ್ತು. ಗಿರಣಿಯ ಹೊಸ ಹತ್ತಿಬಟ್ಟೆ, ಗಂಟುಗಂಟಿಗೂ ಸರ್ಟಿಫಿಕೇಟ್. ಸಮುದಾಯ ಭವನದ ಕಟ್ಟೆಯ ಮೇಲೆ ಕೌದಿ ಬಿಡಿಸಿ ನೋಡಿದರೆ ಇಪ್ಪತ್ತರ ಮೂಲೆಯಲ್ಲೂ ಒಂದೊಂದು ಹಳೇ ಸೀರೆಯ ತುಂಡು.

"ಕಂಪನಿ ಬಟ್ಟಿ ಬಿಟ್ಟು ಬ್ಯಾರೆ ಹಚ್ಚಬ್ಯಾಡ್ರಿ ಅಂತ ಹೇಳಿದ್ದಿಲ್ಲೇನು ಚಿಗವ್ವಾ?"

"ನಿಮ್ಮ ಬಟ್ಟಿ ಎಲ್ಲಾ ಹಚ್ಚೀವಿ. ಮೂಲಿ ಒಂದು ನಮ್ಮದು," ಅಂದಳು ಚಿಗವ್ವ. "ಹಿರೇರು ಇಲ್ಲದ ಕೌದಿ ಹೊದ್ಕಂಡು ಆ ಮಂದಿ ಹೆಂಗ ಮಲಗತಾರ? ಪಾಪ, ಥಂಡಿ ದೇಶ ಅಂತಿ."

ಪಕ್ಕದಲ್ಲಿದ್ದ ಕರೆಮ್ಮ ತನ್ನದನ್ನು ತೋರಿಸಿದಳು. "ಇದು ನಮ್ಮತ್ತೀದು. ಇದ್ದಾಗ ನನಗ ಒಂದು ದಿನ ಚಲೋ ಮಾತಾಡ್ಲಿಲ್ಲ. ಈಗರ ದುಡೀಲಿ ಬಿಡು." ಎಲ್ಲರೂ ನಕ್ಕರು. ಚಿಗವ್ವ ಹೊಲಿದ ಕೌದಿಯ ಮೂಲೆಯಲ್ಲಿ ಮಾಸಿದ ಹಸಿರು ಒಡಲಿನ, ಕೆಂಪು ಅಂಚಿನ ತುಂಡು ಇತ್ತು. ಅದು ನನ್ನ ಅವ್ವನದು. ಇಪ್ಪತ್ತೆಂಟು ವರ್ಷ ಪೆಟ್ಟಿಗೆಯಲ್ಲಿ ಕಾಪಾಡಿಕೊಂಡ ಸೀರೆಯಿಂದ ಅವಳು ಅಂಗೈಯಗಲ ಕತ್ತರಿಸಿ, ಕಂಡು ಕೇಳಿಲ್ಲದವರ ಹಾಸಿಗೆಗೆ ಕೊಟ್ಟಿದ್ದಳು.

ಫಾರ್ಮಿನಲ್ಲಿ ಈ ತುಂಡುಗಳ ಸಾಲೊಂದನ್ನು ನಾನು ಬರೆಯದೆ ಬಿಡಬಹುದಿತ್ತು. ಬಿಡಲಿಲ್ಲ. ಗೆರೆ ಎಳೆದುಕೊಂಡ ಮಾತು ನೆನಪಿತ್ತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಿತ್ತು. ಒಂದೊಂದು ಮೂಲೆಯ ಫೋಟೊ ತೆಗೆದು, ಇದು ಇಂಥವರ ತೀರಿಕೊಂಡ ಅತ್ತೆಯ ಸೀರೆ, ಇದು ಅಜ್ಜಿಯದು, ಇದು ಅಕ್ಕ ಚೆನ್ನಬಸಮ್ಮನದು, ಹೊದ್ದವರನ್ನು ಕಾಯಲೆಂದು ಹಚ್ಚಿದ್ದು ಎಂದು ಇಂಗ್ಲಿಷಿನಲ್ಲಿ ಜೋಡಿಸಿ ತುಂಬಿದೆ. ಅಭಯ ಸರ್ ಓದದೆಯೇ ಒಪ್ಪಿಗೆ ಒತ್ತಿದರು.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ತಿಂಗಳಾಗುವುದರೊಳಗೆ ಇಪ್ಪತ್ತೂ ವಾಪಸು ಬಂದವು. ಸತ್ತವರು ಉಟ್ಟ ಬಟ್ಟೆ, ಯಾವ ನೂಲೋ ಗೊತ್ತಿಲ್ಲ, ಬಣ್ಣದ ಪರೀಕ್ಷೆ ಆಗಿಲ್ಲ, ಆರೋಗ್ಯಕ್ಕೆ ಅಪಾಯ ಎಂದು ಪತ್ರ.

"ಒಂದು ಸಾಲು ಬಿಟ್ಟಿದ್ರ ನಿಮ್ಮ ಗಂಟೇನು ಹೋಗತಿತ್ತು?" ಅಂದರು ಅಭಯ ಸರ್.

"ಎಳಿ ಬಿಟ್ರೂ ಸುಳ್ಳು ಅಂದಿದ್ರಲ್ಲ ಸರ್."

"ಅದು ಟ್ರೈನಿಂಗ್‌ನಾಗ ಹೇಳೋ ಮಾತು, ಲಲಿತಾ. ಹೋಗಿ ಮೂಲಿ ಬಿಚ್ಚಿಸಿ ಕಂಪನಿ ಬಟ್ಟಿ ಹಚ್ಚಸ್ರಿ. ಆಗಲ್ಲ ಅಂದ್ರ ಇಲ್ಲೇ ಶೆಡ್‌ನಾಗ ಮಷೀನ್ ಮ್ಯಾಲ ಹೊಲಸ್ತೀನಿ. ಚೋರನೂರು ಬಂದ್."

ಕೌದಿಯ ಗಂಟು ಹೊತ್ತು ಮತ್ತೆ ಅದೇ ಕಟ್ಟೆಗೆ ಹೋದೆ. ಹೇಳಿದೆ. ಯಾರೂ ಕತ್ತರಿ ಮುಟ್ಟಲಿಲ್ಲ. ಕೆಲಸ ಬಿಡಲೂ ಯಾರಿಗೂ ಆಗುವಂತಿರಲಿಲ್ಲ. ಕೊನೆಗೆ ಚಿಗವ್ವ, "ನಿನಗ ಬೇಕಾಗೇತಿ, ನೀನ ಕತ್ತರಸು," ಅಂದು ಗೋಡೆಗೆ ಮುಖ ಮಾಡಿ ಕೂತಳು. ಇಪ್ಪತ್ತು ಮೂಲೆಯನ್ನೂ ನಾನೇ ಬಿಚ್ಚಿದೆ. ಅವ್ವನ ತುಂಡನ್ನೂ ಕತ್ತರಿಸಿದೆ. ಅವರು ಕಂಪನಿ ಬಟ್ಟೆ ಹಚ್ಚಿ, ಯಾರ ಹೆಸರನ್ನೂ ಹೇಳದೆ ಹೊಲಿದು ಕೊಟ್ಟರು. ಕೌದಿಗಳು ಪಾಸಾದವು.

ಇಲ್ಲಿಗೆ ಮುಗಿದಿದ್ದರೆ ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ಆ ಕಡೆಯ ಮಾರಾಟದವರಿಗೆ ನಾನು ಬರೆದ ಸಾಲುಗಳು ಭಾಳ ಹಿಡಿಸಿದವಂತೆ. ಹಿರಿಯಳ ಸೀರೆ, ಹೆಸರು ಹೇಳಿ ಹೊಲಿಯುವುದು, ಎಲ್ಲ ಬೇಕು. ಬಟ್ಟೆ ಮಾತ್ರ ಹೊಸದಾಗಿರಬೇಕು. ಅಭಯ ಸರ್ ನಾನು ತೆಗೆದ ಫೋಟೊಗಳಲ್ಲೇ ಒಂದನ್ನು ಆರಿಸಿ ಗಿರಣಿಗೆ ಕಳಿಸಿದ್ದರು. ಉಳಿದ ನೂರೆಂಬತ್ತು ಕೌದಿಗೆ ನೂರೆಂಬತ್ತು ತುಂಡು ಅಚ್ಚಾಗಿ ಬಂದವು. ಮಾಸಿದ ಹಸಿರು, ಕೆಂಪು ಅಂಚು. ಅಂಚಿನ ಹತ್ತಿರ ಅವ್ವನ ಸೀರೆಗಿದ್ದ ಸಣ್ಣ ಕಲೆಯನ್ನೂ ಬಿಟ್ಟಿರಲಿಲ್ಲ. ಸರ್ಟಿಫಿಕೇಟ್ ಜೊತೆಗಿತ್ತು.

"ಒಂದು ವಿಡಿಯೊ ಬೇಕು. ಮುದುಕಿ ಹೆಸರು ಹೇಳಿ ಮೊದಲನೇ ಹೊಲಿಗಿ ಹಾಕೋದು. ಹತ್ತು ಸೆಕೆಂಡ್ ಸಾಕು," ಅಂದರು ಸರ್. ಮುದುಕಿ ಅಂದದ್ದು ಚಿಗವ್ವನಿಗೆ.

ಕಟ್ಟೆಯ ಮೇಲೆ ಮೊಬೈಲ್ ಹಿಡಿದು ಚಿಗವ್ವನ ಎದುರು ಕೂತೆ. ಅವಳು ತುಂಡನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದಳು, ಉಜ್ಜಿ ನೋಡಿದಳು, ಮೂಗಿಗೆ ಹಿಡಿದಳು.

"ಇದು ಯಾರದು?"

"ಕಂಪನಿದು."

"ಕಂಪನಿ ಯಾವಾಗ ಸತ್ತಿತು?"

ಯಾರೂ ನಗಲಿಲ್ಲ. "ಅವ್ವನ ಹೆಸರು ಹೇಳು ಚಿಗವ್ವಾ," ಅಂದೆ. "ಆಕೀ ಸೀರಿಯಂಗ ಐತಲ್ಲ."

"ಆಕೀನ್ನ ನೀನ ಕತ್ತರಿಸಿ ತಗದೀ. ಮತ್ತ ನನ್ನ ಬಾಯಿಂದ ಕರಸ್ತೀಯಾ?"

"ಹೆಸರು ಹೇಳಲಿಲ್ಲ ಅಂದ್ರ ಕೆಲಸ ಹೋಗತೈತಿ. ನಿಂದೊಂದ ಅಲ್ಲ, ಎಲ್ಲಾರದೂ."

ಅವಳು ಉಳಿದ ಒಂಬತ್ತೂ ಜನರನ್ನು ನೋಡಿದಳು, ತನ್ನ ಮೊಣಕಾಲನ್ನು ನೋಡಿದಳು. ಆಮೇಲೆ ತುಂಡನ್ನು ಮೂಲೆಗಿಟ್ಟು ಅಂಗೈಯಿಂದ ಸಾಪು ಮಾಡಿ ಸೂಜಿ ಹಿಡಿದಳು. ನಾನು ವಿಡಿಯೊ ಒತ್ತಿದೆ. ಅವಳು ತಲೆಯೆತ್ತಿ, ಮೊಬೈಲನ್ನಲ್ಲ, ನನ್ನನ್ನೇ ನೋಡಿದಳು.

"ಲಲಿತಾ," ಅಂದಳು.

ಓ ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಸೂಜಿ ಚುಚ್ಚಿ ದಾರ ಎಳೆದಿದ್ದಳು. ಕರೆಮ್ಮ ತುಟಿಗೆ ಸೆರಗು ಒತ್ತಿಕೊಂಡಳು. ಈ ಸಲ ನನಗೆ ಯಾರೂ ನಿವಾಳಿಸಲಿಲ್ಲ. ಚಿಗವ್ವ ತಲೆ ತಗ್ಗಿಸಿ ಎರಡನೆಯ ಹೊಲಿಗೆ ಹಾಕಿದಳು, ಮೂರನೆಯದು ಹಾಕಿದಳು. ಹೊರಡುವಾಗ ಚಹಾ ಕೊಟ್ಟರು, ಕುಡಿದೆ.

ವಿಡಿಯೊವನ್ನು ಅಭಯ ಸರ್ ಎರಡು ಸಲ ನೋಡಿ "ಮಸ್ತ್ ಬಂದೈತಿ" ಅಂದರು. ಪಾಸ್‌ಪೋರ್ಟಿನಲ್ಲಿ ಹಿರಿಯಳ ಹೆಸರು ಎಂಬಲ್ಲಿ ಏನು ತುಂಬಲಿ ಎಂದು ಕೇಳಿದೆ. "ಆಕಿ ಏನು ಹೇಳ್ಯಾಳೋ ಅದ," ಅಂದರು. ತುಂಬಿದೆ. ನೂರೆಂಬತ್ತು ಕೌದಿಗೂ ಅದೇ ವಿಡಿಯೊ.