ಹುದ್ದೆ, ವಿಭಾಗ, ಅಷ್ಟೇ

ಈ ಗುಮಾಸ್ತೆಗೆ ತನ್ನ ಗುರುತು ಸಿಕ್ಕಿರಬಹುದೇ? ಸಿಕ್ಕಿದ್ದರೆ ಇಷ್ಟು ಆರಾಮವಾಗಿ ಕುರ್ಚಿ ಎಳೆದು ಕೊಡುತ್ತಿದ್ದರೇ? ಅಥವಾ ಹದಿನಾಲ್ಕು ವರ್ಷದ ಹಿಂದಿನದು ಅವರ ಪಾಲಿಗೆ ನೆನಪಿಡುವಂಥ ಸಂಗತಿಯೇ ಆಗಿರಲಿಲ್ಲವೇ?

ಆಸ್ಪತ್ರೆಯ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಮೊದಲು, ಈಗ ಕೆಲಸ ಹೇಗೆ ನಡೆಯುತ್ತದೆಂದು ಕೇಳಿ ಬರೆದುಕೊಳ್ಳಲು ಕಂಪನಿ ಅವನನ್ನು ಕಳಿಸಿತ್ತು. ಗುಮಾಸ್ತೆಯ ಹಿಂದೆ ಸೂರಿನವರೆಗೆ ರೋಗಿಗಳ ಕಡತಗಳು. ಅಕ್ಕನದೂ ಅಲ್ಲೇ ಎಲ್ಲೋ ಇರಬೇಕು. ಚೀಟಿ ಮಾಡಿಸುವಾಗ ಅಕ್ಕ ದನಿ ತಗ್ಗಿಸಿ ಹೇಳಿದ ಮೂರ್ಛೆ ರೋಗದ ಸುದ್ದಿಯನ್ನು ಗಂಡಿನ ಮನೆಯವರ ಕಿವಿಗೆ ಹಾಕಿದ್ದು ಆಗ ಚೀಟಿ ಬರೆಯುತ್ತಿದ್ದ ಈ ಹೆಂಗಸೇ. ಮದುವೆ ಮುರಿಯಿತು. ಆಮೇಲೆ ಅಕ್ಕ ಯಾವ ವೈದ್ಯರಿಗೂ ಯಾವುದನ್ನೂ ಪೂರ್ತಿ ಹೇಳಲಿಲ್ಲ.

ಮಾತುಕತೆಗೆ ಮೊದಲು ಸಹಿ ಹಾಕಿಸಬೇಕಾದ ಒಪ್ಪಿಗೆ ಪತ್ರವನ್ನು ಅವನು ಆತುರದಲ್ಲಿ ತಲೆಕೆಳಗಾಗಿ ಇಟ್ಟಿದ್ದ. ಅವರು ಅದನ್ನು ಹಾಗೆಯೇ ಹಿಡಿದು, ಓದಿದವರಂತೆ ತಲೆಯಾಡಿಸಿದರು.

"ಎಲ್ಲಿ ಸೈನ್ ಹಾಕ್ಲಪ್ಪ?"

ಓದಲಾಗದವರಿಗೆ ಓದಿ ಹೇಳಬೇಕೆಂದು ನಿಯಮವಿತ್ತು. ಅವನು ಸುಮ್ಮನೆ ಹಾಳೆ ತಿರುಗಿಸಿ ಜಾಗ ತೋರಿಸಿದ.

"ಒಂದು ಕಡತ ಹುಡುಕೋಕೆ ಎಷ್ಟು ಹೊತ್ತು ಬೇಕಮ್ಮ?" ಇಷ್ಟು ವರ್ಷ ಮನಸ್ಸಿನಲ್ಲಿ 'ಅವಳು' ಆಗಿದ್ದವರು ಬಾಯಿಗೆ ಬರುವಾಗ 'ಅಮ್ಮ' ಆಗಿದ್ದರು.

"ಯಾವುದಾದ್ರೂ ನಂಬರ್ ಹೇಳು, ನೋಡೋಣ."

ಹೇಳಿದ. ಅವರು ಕಟ್ಟುಗಳ ಅಂಚನ್ನು ಬೆರಳಿನಿಂದ ಸವರುತ್ತ, ತುಟಿಯಲ್ಲೇ ಎಣಿಸುತ್ತ ಹೋದರು. ಪ್ರತಿ ಹತ್ತನೆಯ ಕಟ್ಟಿನ ದಾರಕ್ಕೆ ಒಂದು ಗಂಟು ಹೆಚ್ಚಿಗೆ ಹಾಕಿತ್ತು. ನಿಮಿಷದೊಳಗೆ ಕಡತ ಮೇಜಿನ ಮೇಲಿತ್ತು.

"ನಿಮ್ಮ ಮಷಿನ್ನು ಇದಕ್ಕಿಂತ ಬೇಗ ಕೊಡುತ್ತೇನಪ್ಪ?"

"ನೀವು ಕಣ್ಣಲ್ಲಿ ನೋಡ್ಲೇ ಇಲ್ವಲ್ಲಮ್ಮ," ಎಂದ ಮೆಲ್ಲಗೆ.

ಅವರ ಮುಖದ ನಗು ಇಳಿಯಿತು. ಬಾಗಿಲ ಕಡೆ ಒಮ್ಮೆ ಕಿವಿಗೊಟ್ಟು, ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡರು.

"ಎರಡು ವರ್ಷ ಆಯ್ತು, ಅಕ್ಷರ ಎಲ್ಲ ಹೊಗೆ ಥರ. ಇನ್ನೊಂದು ವರ್ಷ ಸರ್ವೀಸ್ ಇದೆ. ಗೊತ್ತಾದ್ರೆ ನಾಳೇನೇ ಮನೆಗೆ ಕಳಿಸ್ತಾರೆ. ಮನೇಲಿ ಕೂತು ಯಾವ ಗೋಡೆ ಸವರಲಿ ನಾನು? ನಿನ್ನ ಮುಖ ಕಾಣದಿದ್ರೂ ಮಾತು ಕೇಳಿದ್ರೆ ಒಳ್ಳೆ ಮನೆ ಹುಡುಗ ಅನ್ಸುತ್ತೆ, ಅದಕ್ಕೇ ಹೇಳಿದೆ. ಹೆಸರು ಗಿಸರು ಬರೀತೀಯ?"

"ಇಲ್ಲಮ್ಮ. ಸೈನ್ ಹಾಕಿದ ಹಾಳೆ ಬೇರೆ ಇರುತ್ತೆ. ಆಸ್ಪತ್ರೆಗೆ ಕೊಡೋ ಈ ವರದೀಲಿ ಯಾರ ಹೆಸರೂ ಇರಲ್ಲ. ಹುದ್ದೆ, ವಿಭಾಗ, ಅಷ್ಟೇ."

"ಹಾಗಾದ್ರೆ ಸರಿ. ಗುಮಾಸ್ತರಿಗೇನು ಬರಾನಾ ಈ ಆಸ್ಪತ್ರೇಲಿ?"

ಅವನು ಬರೆದ: 'ಗುಮಾಸ್ತೆ, ದಾಖಲೆ ಕೋಣೆ. ಓದುವಷ್ಟು ದೃಷ್ಟಿ ಇಲ್ಲ. ಕಡತಗಳನ್ನು ಮುಟ್ಟಿ ಗುರುತಿಸುತ್ತಾರೆ.' ಅಕ್ಷರಗಳು ಎಂದಿಗಿಂತ ದುಂಡಾಗಿ ಬಂದವು. ಪೆನ್ನಿನ ಸದ್ದನ್ನು ಅವರು ತಲೆ ವಾಲಿಸಿ ಕೇಳಿಸಿಕೊಳ್ಳುತ್ತಿದ್ದರು.

"ಏನ್ ಬರೆದೆ, ಸ್ವಲ್ಪ ಓದು."

"ಹತ್ತು ನಿಮಿಷದ ಕೆಲಸಾನ ಒಂದೇ ನಿಮಿಷಕ್ಕೆ ಮಾಡ್ತೀರ ಅಂತ."

ಅವರು ಹಿಗ್ಗಿ, ಸೆರಗಿನಿಂದ ಮುಖ ಒರೆಸಿಕೊಂಡರು.

ದಾಖಲೆ ಕೋಣೆಗೆ ಇರುವ ಗುಮಾಸ್ತೆ ಅವರೊಬ್ಬರೇ, ಹೆಸರು ಹುಡುಕುವ ಕಷ್ಟ ಯಾರಿಗೂ ಬರುವುದಿಲ್ಲ ಎಂಬುದನ್ನು ಅವನು ಹೇಳಲಿಲ್ಲ.